ಕಂಪ್ಯೂಟರ್ ಕಲಿಯಲಿಕ್ಕೆ ಎಷ್ಟು ಇಂಗ್ಲಿಷ್ ಬೇಕು?



ಏಳನೇ ತರಗತಿಯವರಿಗೆ ಈಗ ಎಲ್ಲಿ ಹೋದರೂ ಒಂದೇ ಪ್ರಶ್ನೆ. ಮದುವೆ ಮನೆಯಲ್ಲಿ, ರೇಶನ್ ಅಂಗಡಿಯಲ್ಲಿ, ಹಾಲಿನ ಡಿಪೋದಲ್ಲಿ ಕೂಡ. "ಎಂಟಕ್ಕೆ ಎಲ್ಲಿ ಸೇರುವುದು? ಕನ್ನಡ ಮೀಡಿಯಮ್ಮಾ, ಇಂಗ್ಲಿಷ್ ಮೀಡಿಯಮ್ಮಾ?" ಕನ್ನಡ ಎಂದು ಹೇಳಿದರೆ ಮುಂದಿನ ಮಾತು ಗ್ಯಾರಂಟಿ. "ಈಗ ಎಲ್ಲ ಕಂಪ್ಯೂಟರ್ ಅಲ್ವಾ ಮಗಾ, ಕನ್ನಡದಲ್ಲಿ ಕಂಪ್ಯೂಟರ್ ಕಲಿಯಲಿಕ್ಕೆ ಆಗ್ತದಾ?" ನಮ್ಮ ತರಗತಿಯ 19 ಮಂದಿಯಲ್ಲಿ 6 ಮಂದಿ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುವುದು ಎಂದು ಆಗಲೇ ಆಗಿದೆ. ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಮಾವ ಬೇಕು ಅಂತಾರೆ, ಅಪ್ಪ ಬೇಡ ಅಂತಾರೆ, ಅಮ್ಮ ಬೀಡಿ ಕಟ್ಟುತ್ತಾ ಇಬ್ಬರದ್ದೂ ಕೇಳ್ತಾರೆ.

ಆದ್ದರಿಂದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಅಂದರೆ ನಿಜವಾಗಿ ಎಂತ ಕಲಿಸುವುದು, ಅದರಲ್ಲಿ ಇಂಗ್ಲಿಷ್ ಎಷ್ಟು ಉಂಟು ಎಂದು ತಿಳಿದು ಬರೆಯುವ ಎಂದು ನಾನು ಹೊರಟೆ. ಅಕ್ಕ ಒಂಬತ್ತನೇ ತರಗತಿಯಲ್ಲಿದ್ದಾಳೆ, ಅವಳ ಹೈಸ್ಕೂಲಿನ ಕಂಪ್ಯೂಟರ್ ಕೋಣೆ ನೋಡಿ ಬಂದೆ. ಕಾಸರಗೋಡಿನಲ್ಲಿರುವ ದೊಡ್ಡಮ್ಮನ ಮಗನ ಪುಸ್ತಕ ತರಿಸಿಕೊಂಡೆ. ನಮ್ಮ ಸರ್ ಬಹಳ ಹೇಳಿದರು. ಸಂಪಾದಕರು ಈ ಸಲ ನನಗೆ ಮೂರು ಚಾರ್ಟ್ ಹಾಳೆ ಕೊಟ್ಟಿದ್ದಾರೆ. ಉದ್ದ ಆಯಿತು ಎಂದು ಬಯ್ಯಬೇಡಿ, ಊಟದ ಬೆಲ್ಲಿನ ನಂತರ ಅರ್ಧ ಓದಿ, ನಾಳೆ ಅರ್ಧ ಓದಿ.

ಮೊದಲು ಸ್ವಲ್ಪ ಹಿಂದಿನ ಕತೆ. 1984ರಲ್ಲಿ ಭಾರತ ಸರಕಾರ 'ಕ್ಲಾಸ್' ಎಂಬ ಯೋಜನೆ ಶುರು ಮಾಡಿತು. ದೇಶದ ಸುಮಾರು 250 ಶಾಲೆಗಳಿಗೆ ಇಂಗ್ಲೆಂಡಿನ 'ಬಿ.ಬಿ.ಸಿ. ಮೈಕ್ರೋ' ಎಂಬ ಕಂಪ್ಯೂಟರ್ ಬಂತು. ಅದರ ನೆನಪಿನ ಶಕ್ತಿ 32 ಕಿಲೋಬೈಟ್, ಅಂದರೆ 32,768 ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಮಾತ್ರ. ಈಗ ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಅದರಲ್ಲಿ ಹಿಡಿಯಲಿಕ್ಕಿಲ್ಲ. ಆಮೇಲೆ 2001ರಲ್ಲಿ ಕರ್ನಾಟಕ ಸರಕಾರ 'ಮಾಹಿತಿ ಸಿಂಧು' ಎಂಬ ಯೋಜನೆಯಲ್ಲಿ 1000 ಸರಕಾರಿ ಹೈಸ್ಕೂಲುಗಳಲ್ಲಿ ಕಂಪ್ಯೂಟರ್ ಕಲಿಸಲು ಹೊರಟಿತು. ಕಲಿಸಲಿಕ್ಕೆ ಖಾಸಗಿ ಕಂಪೆನಿಯ ಜನ ಬರುತ್ತಿದ್ದರು. ಆ ಯೋಜನೆ ಮುಗಿಯಿತು. ನಂತರ ಐ.ಸಿ.ಟಿ. ಯೋಜನೆ ಎಂದು ಬಂತು, ಅದರ ಮೇಲೆ 'ಟ್ಯಾಲ್ಪ್' ಎಂದು ಬಂತು. ಟ್ಯಾಲ್ಪ್ ಅಂದರೆ ಗಣಿತ, ವಿಜ್ಞಾನ, ಸಮಾಜ ಕಲಿಸುವ ಟೀಚರುಗಳೇ ಕಂಪ್ಯೂಟರ್ ಬಳಸಿ ತಮ್ಮ ಪಾಠ ಮಾಡುವುದು. ಅದಕ್ಕೆ ಅವರಿಗೆ ತರಬೇತಿ ಕೊಡ್ತಾರೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕಂಪ್ಯೂಟರಿನಲ್ಲಿ ಹೃದಯದ ಚಿತ್ರ ತೋರಿಸಿದರೆ ಅದು ವಿಜ್ಞಾನದ ಪಾಠ. ಅದು ಒಳ್ಳೆಯದೇ. ಆದರೆ ಅದರಿಂದ ನಾವು ಕಂಪ್ಯೂಟರ್ ಕಲಿತ ಹಾಗೆ ಆಗುವುದಿಲ್ಲ. ಟಿ.ವಿ. ನೋಡಿದವರೆಲ್ಲ ಟಿ.ವಿ. ರಿಪೇರಿ ಕಲಿತ ಹಾಗೆ ಆಗ್ತದಾ? ಇಲ್ಲ. ಕೆಲವರು ಮೊಬೈಲಿನಲ್ಲಿ ಗೇಮ್ ಆಡಿ "ನನಗೆ ಕಂಪ್ಯೂಟರ್ ಬರ್ತದೆ" ಅಂತಾರೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಅವರು ಈ ಗೋಡೆಯ ಎದುರೇ ನಿಂತಿರಬಹುದು.

ಈಗ ಕಂಪ್ಯೂಟರ್ ಕೋಣೆಗೆ ಬರುವ. ನಾನು ಹೋದ ದಿನ ಅಲ್ಲಿ 10 ಕಂಪ್ಯೂಟರ್ ನಡೆಯುತ್ತಿತ್ತು. ಮಕ್ಕಳು 40 ಮಂದಿ. ಚಪ್ಪಲಿ ಹೊರಗೆ ಇಡಬೇಕು. ಒಂದು ಕಂಪ್ಯೂಟರಿಗೆ ನಾಲ್ಕು ಮಂದಿ, ಮಧ್ಯದಲ್ಲಿ ಕೂತವರ ಕೈಯಲ್ಲಿ ಮೌಸ್. ಉಳಿದ ಮೂವರು ಕುತ್ತಿಗೆ ಉದ್ದ ಮಾಡಿ ನೋಡುವುದು. ಕೋಣೆಯಲ್ಲಿ ಹುಡುಗಿಯರೂ ಹುಡುಗರೂ ಸಮ ಸಮ ಇದ್ದರು, ಆದರೆ ನಾನು ಎಣಿಸಿದಾಗ 10 ಮೌಸಿನಲ್ಲಿ 8 ಹುಡುಗರ ಕೈಯಲ್ಲಿ ಇತ್ತು. ಇದನ್ನು ಅಕ್ಕನಿಗೆ ಹೇಳಿದೆ. "ಕೇಳಿದ್ರೆ ಕೊಡ್ತಾರೆ, ಆದ್ರೆ ಬೆಲ್ಲಾಗುವಾಗ ಕೊಡ್ತಾರೆ" ಅಂದಳು.

ನಾನು ಒಂದು ಲೆಕ್ಕ ಮಾಡಿದೆ. ಒಂದು ಪೀರಿಯಡ್ 40 ನಿಮಿಷ. ನಾಲ್ಕು ಮಂದಿ ಸರಿಯಾಗಿ ಪಾಲು ಮಾಡಿಕೊಂಡರೆ ಒಬ್ಬರಿಗೆ 10 ನಿಮಿಷ. ವಾರಕ್ಕೆ ಒಂದು ಪೀರಿಯಡ್, ವರ್ಷಕ್ಕೆ 35 ವಾರ ಅಂತ ಹಿಡಿದರೆ 350 ನಿಮಿಷ. ಅಂದರೆ ಇಡೀ ವರ್ಷದಲ್ಲಿ ಒಬ್ಬರ ಕೈಗೆ ಕಂಪ್ಯೂಟರ್ ಸಿಗುವುದು 5 ಗಂಟೆ 50 ನಿಮಿಷ! ಅದೂ ಕರೆಂಟು ಹೋಗದಿದ್ದರೆ. ನಮ್ಮ ಕಡೆ ಪತ್ತನಾಜೆ ಕಳೆದು ಮಳೆ ಹಿಡಿದರೆ ಕರೆಂಟಿನ ಕತೆ ನಿಮಗೆ ಗೊತ್ತೇ ಉಂಟು. ಸಿಡಿಲು ಬರುವ ಹಾಗೆ ಕಂಡರೆ ಎಲ್ಲ ಪ್ಲಗ್ಗು ತೆಗೆದು ಇಡಬೇಕು, ಇಲ್ಲದಿದ್ದರೆ ಸುಟ್ಟು ಹೋಗ್ತದೆ. ಇದು ಕನ್ನಡ ಮೀಡಿಯಮ್ಮಿನ ತೊಂದರೆ ಅಲ್ಲ, ಸಿಡಿಲಿಗೆ ಮೀಡಿಯಂ ಇಲ್ಲ. ಯಾವ ಶಾಲೆಗೆ ಸೇರುವವರಾದರೂ ಮೊದಲು ಕೇಳಬೇಕಾದದ್ದು "ನಡೆಯುವ ಕಂಪ್ಯೂಟರ್ ಎಷ್ಟು, ಮಕ್ಕಳು ಎಷ್ಟು?" ಅಂತ. ಮಾವ ಹೇಳುವ ಶಾಲೆಯಲ್ಲಿ ಇದನ್ನು ಯಾರೂ ಕೇಳಿಲ್ಲ.

ಹಾಗಾದರೆ 10 ನಿಮಿಷ ಬಿಟ್ಟು ಉಳಿದ 30 ನಿಮಿಷ ಎಂತ ಮಾಡುವುದು? ಇಲ್ಲಿಯೇ ನನಗೆ ಆಶ್ಚರ್ಯ ಆದದ್ದು. ಕಂಪ್ಯೂಟರಿನ ಮುಖ್ಯ ಪಾಠ ಕಲಿಯಲಿಕ್ಕೆ ಕಂಪ್ಯೂಟರೇ ಬೇಡ!

ಇಂಗ್ಲೆಂಡಿನಲ್ಲಿ ಏಡಾ ಲವ್‌ಲೇಸ್ ಎಂಬ ಹೆಂಗಸು 1843ರಲ್ಲಿ ಒಂದು ಯಂತ್ರ ಹೇಗೆ ಲೆಕ್ಕ ಮಾಡಬೇಕು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದು ಪ್ರಕಟಿಸಿದರು. ಆ ಯಂತ್ರವನ್ನು ಯೋಚಿಸಿದವರು ಚಾರ್ಲ್ಸ್ ಬ್ಯಾಬೇಜ್. ಅದು ಕೊನೆಗೂ ಪೂರ್ತಿ ತಯಾರಾಗಲೇ ಇಲ್ಲ. ಅಂದರೆ ಯಂತ್ರ ಇಲ್ಲದೆಯೇ ಪ್ರೋಗ್ರಾಮ್ ಬರೆದ ಹಾಗಾಯಿತು. ನ್ಯೂಜಿಲೆಂಡಿನ ಟಿಮ್ ಬೆಲ್ ಎಂಬ ಪ್ರೊಫೆಸರರು ಮತ್ತು ಅವರ ಜೊತೆಯವರು 1990ರ ದಶಕದಲ್ಲಿ ಮಕ್ಕಳಿಗೆ ಕಾರ್ಡು, ಹಗ್ಗ, ಸೀಮೆಸುಣ್ಣದಿಂದಲೇ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನು ಮಾಡಿದರು. ಅದಕ್ಕೆ 'ಅನ್‌ಪ್ಲಗ್ಡ್' ಎಂದು ಹೆಸರು, ಪ್ಲಗ್ಗು ಹಾಕದ್ದು ಎಂದು ಅರ್ಥ. ನಮ್ಮ ಕಡೆಗೆ ಹೇಳಿ ಮಾಡಿಸಿದ ಹೆಸರು.

ಅಂಥ ಆಟಗಳನ್ನು ನಮ್ಮ ಸಾಮಾನಿನಲ್ಲಿ ಹೇಗೆ ಮಾಡುವುದು ಎಂದು ಹೇಳ್ತೇನೆ.

ಅಡಿಕೆ ಹಾಳೆಯಲ್ಲಿ ಐದು ಚೌಕ ತುಂಡು ಕತ್ತರಿಸಿ. ಒಂದರ ಮೇಲೆ ಸುಣ್ಣದಲ್ಲಿ 16 ಚುಕ್ಕೆ ಹಾಕಿ, ಮತ್ತೊಂದಕ್ಕೆ 8, ಮತ್ತೆ 4, 2, 1. ಇದೇ ಕ್ರಮದಲ್ಲಿ ಎಡದಿಂದ ಬಲಕ್ಕೆ ಐದು ಮಂದಿ ಹಿಡಿದು ನಿಲ್ಲಿ. ಚುಕ್ಕೆ ಕಾಣುವ ಹಾಗೆ ಹಿಡಿದರೆ 1, ಮಗುಚಿ ಹಿಡಿದರೆ 0. ಈಗ ನನ್ನ ವಯಸ್ಸು 13 ತೋರಿಸಿ. 8, 4, 1 ಕಾಣಬೇಕು, 16 ಮತ್ತು 2 ಮಗುಚಬೇಕು. ಅಂದರೆ 01101. ಇದೇ ದ್ವಿಮಾನ ಪದ್ಧತಿ. ಕಂಪ್ಯೂಟರಿನ ಒಳಗೆ ಕರೆಂಟು ಉಂಟು ಅಥವಾ ಇಲ್ಲ, ಈ ಎರಡೇ ಭಾಷೆ. ಅದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಒಂದು ಕೈಯ ಐದು ಬೆರಳಿನಲ್ಲಿ ಹೀಗೆ ಮಡಚಿ ಬಿಡಿಸಿ 0ಯಿಂದ 31ರ ತನಕ ಎಣಿಸಬಹುದು. ಎರಡು ಕೈ ಸೇರಿದರೆ 1023ರ ತನಕ. ಆರನೆಯ ತರಗತಿಯವರು ಎರಡು ದಿನದಲ್ಲಿ ಕಲಿತರು, ಈಗ ಅಸೆಂಬ್ಲಿಯಲ್ಲಿ ಬೆರಳು ಆಡಿಸಿ ಸರ್ ಹತ್ತಿರ ಬಯ್ಸಿಕೊಳ್ತಾರೆ.

ಇನ್ನೊಂದು ಆಟ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ನಾವು ಹೋದ ವರ್ಷ ಟೂರ್ ಹೋಗಿದ್ದೆವು. 1430ರಲ್ಲಿ ಕಟ್ಟಿಸಿದ್ದು. ಅದರ ಒಂದೊಂದು ಕಂಬಕ್ಕೂ 1ರಿಂದ 1000ದ ತನಕ ನಂಬರು ಹಾಕಿದ್ದಾರೆ ಎಂದು ಭಾವಿಸಿ. ನಾನು ಮನಸ್ಸಿನಲ್ಲಿ ಒಂದು ಕಂಬ ಹಿಡಿದಿದ್ದೇನೆ. ನೀವು ಪ್ರಶ್ನೆ ಕೇಳಬೇಕು, ನಾನು 'ಹೌದು' ಅಥವಾ 'ಅಲ್ಲ' ಮಾತ್ರ ಹೇಳುವುದು. ಎಷ್ಟು ಪ್ರಶ್ನೆಯಲ್ಲಿ ಹುಡುಕ್ತೀರಿ? "ಒಂದನೆಯದ್ದಾ? ಎರಡನೆಯದ್ದಾ?" ಎಂದು ಕೇಳುತ್ತಾ ಹೋದರೆ ಸಂಜೆ ಆಗ್ತದೆ. "500ಕ್ಕಿಂತ ಮೇಲೆಯಾ?" ಎಂದು ಕೇಳಿ. ಒಂದೇ ಏಟಿಗೆ ಅರ್ಧ ಹೋಯಿತು. ಮತ್ತೆ ಉಳಿದದ್ದರಲ್ಲಿ ಅರ್ಧ ಮಾಡಿ. 10 ಪ್ರಶ್ನೆಯ ಒಳಗೆ ಯಾವ ಕಂಬವಾದರೂ ಸಿಕ್ಕಿಯೇ ಸಿಗ್ತದೆ. ಯಾಕೆಂದರೆ 2ನ್ನು 10 ಸಲ ಗುಣಿಸಿದರೆ 1024, ಅದು 1000ಕ್ಕಿಂತ ಹೆಚ್ಚು. ಡಿಕ್ಷನರಿಯಲ್ಲಿ ಶಬ್ದ ಹುಡುಕುವಾಗ ನಾವು ಮಧ್ಯದಲ್ಲಿ ತೆರೆದು ಆಚೆ ಈಚೆ ಹೋಗುವುದೂ ಇದೇ ಉಪಾಯ. ಆದರೆ ನೆನಪಿಡಿ, ಶಬ್ದಗಳು ಕ್ರಮವಾಗಿ ಇದ್ದರೆ ಮಾತ್ರ ಇದು ನಡೆಯುತ್ತದೆ. ನಮ್ಮ ಲೈಬ್ರರಿ ಕಪಾಟಿನಲ್ಲಿ ನಡೆಯುವುದಿಲ್ಲ. (ಅಲ್ಲಿ ನಿಜವಾಗಿ ಸಾವಿರ ಕಂಬ ಉಂಟಾ ಎಂದು ಕೇಳಬೇಡಿ. ನಾನು ಎಣಿಸಲು ಶುರು ಮಾಡುವಾಗ ಟೀಚರ್ ಬಸ್ಸಿಗೆ ಹತ್ತಿಸಿದರು.)

ಹೀಗೆ ಕೆಲಸವನ್ನು ಹೆಜ್ಜೆಗಳಾಗಿ ಬಿಡಿಸಿ ಹೇಳುವುದಕ್ಕೆ ಕ್ರಮವಿಧಿ ಅಥವಾ ಅಲ್ಗಾರಿದಮ್ ಎನ್ನುತ್ತಾರೆ. ಹೈಸ್ಕೂಲಿನ ಸರ್ ಹೇಳಿದ ಪ್ರಕಾರ ಎಲ್ಲ ಪ್ರೋಗ್ರಾಮುಗಳಲ್ಲೂ ಮೂರೇ ತರಹದ ಮಾತು. ಒಂದರ ನಂತರ ಒಂದು ಮಾಡು. ಹೀಗಿದ್ದರೆ ಇದು ಮಾಡು, ಇಲ್ಲದಿದ್ದರೆ ಅದು ಮಾಡು. ಇಷ್ಟು ಆಗುವ ತನಕ ಪುನಃ ಪುನಃ ಮಾಡು. ನಾನು ಮನೆಗೆ ಬಂದು ನೋಡಿದರೆ ಮೂರೂ ನಮ್ಮ ಜಗಲಿಯಲ್ಲೇ ಉಂಟು! ಅಪ್ಪ ಅಡಿಕೆ ಸುಲಿದು ವಿಂಗಡಿಸುವಾಗ ಒಡೆದದ್ದಾದರೆ ಪಟೋರದ ರಾಶಿಗೆ, ಹಾಳಾದದ್ದಾದರೆ ಕೋಕದ ರಾಶಿಗೆ, ಇಲ್ಲದಿದ್ದರೆ ಒಳ್ಳೆಯ ಚಾಲಿಗೆ ಹಾಕ್ತಾರೆ. ಇದು 'ಹೀಗಿದ್ದರೆ'. ಅಮ್ಮನದ್ದು 'ಆಗುವ ತನಕ'. ಅದನ್ನು ನಾನು ಪ್ರೋಗ್ರಾಮಿನ ಹಾಗೆ ಬರೆದೆ:

ಕಟ್ಟು = 0
ಕಟ್ಟು 40 ಆಗುವ ತನಕ ಹೀಗೆ ಮಾಡು:
    ಬೀಡಿ = 0
    ಬೀಡಿ 25 ಆಗುವ ತನಕ ಹೀಗೆ ಮಾಡು:
        ಎಲೆ ಕತ್ತರಿಸು, ಹೊಗೆಸೊಪ್ಪು ಹಾಕು, ಸುತ್ತು, ನೂಲು ಕಟ್ಟು
        ಬೀಡಿಗೆ 1 ಕೂಡಿಸು
    25 ಬೀಡಿಯ ಕಟ್ಟು ಕಟ್ಟು
    ಕಟ್ಟಿಗೆ 1 ಕೂಡಿಸು
ಬ್ರಾಂಚಿಗೆ ಕೊಂಡು ಹೋಗು

25ರ ಕಟ್ಟು 40 ಆದರೆ 1000 ಬೀಡಿ. ಒಂದು ಸುತ್ತಿನ ಒಳಗೆ ಇನ್ನೊಂದು ಸುತ್ತು. ಇದನ್ನು ಅಕ್ಕನ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯಲ್ಲಿ 'ಲೂಪ್' ಎಂದು ಕಲಿಸ್ತಾರೆ. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಒಂದು ತಪ್ಪು ಹಿಡಿದರು. "ಎಲೆ ಒಂದೊಂದೇ ಕತ್ತರಿಸಿ ಸುತ್ತುವುದಾ? ಎಲ್ಲ ಎಲೆ ಮೊದಲೇ ನೆನೆಸಿ ಕತ್ತರಿಸಿ ಇಟ್ಟುಕೊಂಡರೆ ಎಷ್ಟು ಬೇಗ ಆಗ್ತದೆ." ಅದನ್ನು ಹೈಸ್ಕೂಲಿನ ಸರ್‌ಗೆ ಹೇಳಿದಾಗ ಅವರು ಬಹಳ ಖುಷಿಪಟ್ಟು, "ಪ್ರೋಗ್ರಾಮ್ ಬರೆಯುವವರೂ ಹಾಗೆಯೇ ಮಾಡ್ತಾರೆ, ಸುತ್ತಿನ ಒಳಗೆ ಬೇಡದ ಕೆಲಸವನ್ನು ಹೊರಗೆ ತೆಗೆದು ಇಡ್ತಾರೆ" ಎಂದರು. ಅಮ್ಮ ಓದಿದ್ದು ಐದನೇ ಕ್ಲಾಸು, ಕನ್ನಡ ಮೀಡಿಯಂ.

ಎರಡನೆಯ ದೊಡ್ಡ ಪ್ರಶ್ನೆ ಅಕ್ಷರದ್ದು. ಕೀಲಿಮಣೆಯಲ್ಲಿ ಎಲ್ಲ ಇಂಗ್ಲಿಷ್ ಅಕ್ಷರವೇ ಕಾಣುವುದು. ಮತ್ತೆ ಕನ್ನಡ ಹೇಗೆ ಬರ್ತದೆ?

ಇದಕ್ಕೆ ದಾರಿ ಮಾಡಿದ ಒಬ್ಬರು ನಮ್ಮ ಜಿಲ್ಲೆಯವರೇ. ಮೂಡುಬಿದಿರೆಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋದರೆ ಗುರುಪುರಕ್ಕಿಂತ ಮೊದಲು ಕೈಕಂಬ ಸಿಗ್ತದೆ. ಅದರ ಹತ್ತಿರ ಕಿನ್ನಿಕಂಬಳ ಎಂಬ ಊರು. ಅಲ್ಲಿನವರು ಕೆ. ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್. 1940ರಲ್ಲಿ ಹುಟ್ಟಿದವರು. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಸಾವಿರಾರು ರೂಪ ಆಗ್ತದೆ. ಒಂದೊಂದಕ್ಕೆ ಒಂದೊಂದು ಕೀಲಿ ಇಡಲಿಕ್ಕೆ ಹೊರಟರೆ ಕೀಲಿಮಣೆ ಚಾಪೆಯಷ್ಟು ದೊಡ್ಡದಾಗಬೇಕು. ರಾಯರು ಹಾಗೆ ಮಾಡಲಿಲ್ಲ. ನಾವು ಒಂದನೇ ಕ್ಲಾಸಿನಲ್ಲಿ ಕಲಿತ ವ್ಯಾಕರಣವನ್ನೇ ಹಿಡಿದರು. ವ್ಯಂಜನಕ್ಕೆ ಒಂದು ಕೀಲಿ, ಸ್ವರಕ್ಕೆ ಒಂದು ಕೀಲಿ. ಎರಡು ವ್ಯಂಜನದ ಮಧ್ಯ ಅರ್ಧಾಕ್ಷರದ ಕೀಲಿ ಒತ್ತಿದರೆ ಒತ್ತಕ್ಷರ. ಕೂಡಿಸುವ ಕೆಲಸ ಕಂಪ್ಯೂಟರಿನದ್ದು. ಹಾಗಾಗಿ ಇರುವ 26 ಕೀಲಿ ಮತ್ತು ಒಂದು ಶಿಫ್ಟ್, ಇಷ್ಟರಲ್ಲೇ ಇಡೀ ಕನ್ನಡ! ಕರ್ನಾಟಕ ಸರಕಾರ ಇದೇ ವಿನ್ಯಾಸವನ್ನು ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಇರುವುದು ಇದೇ.

'ಬಂಟ್ವಾಳ' ಎಂದು ಹೊಡೆಯುವುದು ಹೇಗೆ ನೋಡಿ. ಬಿ ಒತ್ತಿದರೆ ಬ. ಶಿಫ್ಟ್ ಹಿಡಿದು ಎಂ ಒತ್ತಿದರೆ ಸೊನ್ನೆ. ಕ್ಯೂ ಒತ್ತಿದರೆ ಟ. ಎಫ್ ಒತ್ತಿದರೆ ಅದು ಟ್ ಆಗ್ತದೆ. ವಿ ಒತ್ತಿದರೆ ವ, ಅದು ತಾನಾಗಿ ಟ ಕೆಳಗೆ ಹೋಗಿ ಕೂರ್ತದೆ. ಶಿಫ್ಟ್ ಹಿಡಿದು ಎ ಒತ್ತಿದರೆ ದೀರ್ಘ. ಶಿಫ್ಟ್ ಹಿಡಿದು ಎಲ್ ಒತ್ತಿದರೆ ಳ. ಒಟ್ಟು 7 ಏಟು. ಅಕ್ಕನ ಪಾಲಿನ 10 ನಿಮಿಷದಲ್ಲಿ ಅವಳು ನನಗೆ ಎರಡು ನಿಮಿಷ ಕೊಟ್ಟಳು, ಆಗ ನಾನೇ ಹೊಡೆದು ನೋಡಿದ್ದು. ಒತ್ತಕ್ಷರ ಸರಿ ಗೊತ್ತಿಲ್ಲದವರಿಗೆ ಇದು ಕಷ್ಟ. 'ಸ್ತ್ರೀ' ಬರೆಯಬೇಕಾದರೆ ಸ, ಅರ್ಧ, ತ, ಅರ್ಧ, ರ, ಈ ಎಂದು ಒಡೆಯಲು ಬರಬೇಕು. ಕನ್ನಡ ಚೆನ್ನಾಗಿ ಬಂದವರಿಗೇ ಇಲ್ಲಿ ಲಾಭ. ಕಂಪ್ಯೂಟರ್ ಕೋಣೆಯಲ್ಲಿ ಹೀಗೊಂದು ಜಾಗ ಉಂಟೆಂದು ನಮಗೆ ಯಾರೂ ಹೇಳಿರಲಿಲ್ಲ.

ರಾಯರು ಮಾಡಿದ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ಏನು ಗೊತ್ತೇ? 'ಸೇಡಿಯಾಪು'. ನಮ್ಮ ಜಿಲ್ಲೆಯದ್ದೇ ಸೇಡಿಯಾಪು! ಅಲ್ಲಿನ ಪಂಡಿತರು ಸೇಡಿಯಾಪು ಕೃಷ್ಣ ಭಟ್ಟರು. ಅವರ ಕಾಲ 1902ರಿಂದ 1996. ಛಂದಸ್ಸಿನ ಬಗ್ಗೆ ದೊಡ್ಡ ಪುಸ್ತಕಗಳನ್ನು ಬರೆದವರು. ಛಂದಸ್ಸಿಗೂ ಕಂಪ್ಯೂಟರಿಗೂ ಎಂತ ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆಗ ಅಕ್ಕ ಅವಳ ವ್ಯಾಕರಣದ ನೋಟ್ಸ್ ತೆಗೆದಳು.

ಪದ್ಯದ ಅಕ್ಷರಗಳು ಎರಡೇ ಜಾತಿ, ಲಘು ಮತ್ತು ಗುರು. ಮೂರು ಅಕ್ಷರದ ಗುಂಪಿಗೆ ಅಕ್ಷರಗಣ ಎನ್ನುತ್ತಾರೆ. ಹೈಸ್ಕೂಲಿನಲ್ಲಿ 8 ಗಣ ಬಾಯಿಪಾಠ ಮಾಡಿಸ್ತಾರೆ. 8 ಯಾಕೆ, 9 ಯಾಕಿಲ್ಲ? ಎರಡು ಜಾತಿಯನ್ನು ಮೂರು ಜಾಗದಲ್ಲಿ ಇಟ್ಟರೆ 2 ಗುಣಿಸು 2 ಗುಣಿಸು 2, ಅಂದರೆ 8 ತರಹ ಮಾತ್ರ ಸಾಧ್ಯ. ಲಘುವಿಗೆ 0, ಗುರುವಿಗೆ 1 ಎಂದು ಬರೆದು ನೋಡಿ. ಮೂರೂ ಲಘು ಇರುವ ನ ಗಣ 000, ಅಂದರೆ 0. ಮೂರೂ ಗುರು ಇರುವ ಮ ಗಣ 111, ಅಂದರೆ 7. ಕ್ರಮವಾಗಿ ಇಟ್ಟರೆ ನ, ಸ, ಜ, ಯ, ಭ, ರ, ತ, ಮ ಎಂದು 0ಯಿಂದ 7ರ ತನಕ ಬರ್ತದೆ. ಅಡಿಕೆ ಹಾಳೆಯ 4, 2, 1ರ ಮೂರು ತುಂಡು ಹಿಡಿದು ಪರೀಕ್ಷೆ ಮಾಡಿ. ಪಿಂಗಳ ಎಂಬವರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ತಮ್ಮ ಛಂದಶ್ಶಾಸ್ತ್ರದಲ್ಲಿ ಲಘು ಗುರುಗಳ ಎಲ್ಲ ಜೋಡಣೆಗಳನ್ನು ಬಿಡದೆ ಬರೆಯುವ ಕ್ರಮವನ್ನು ಹೇಳಿದ್ದಾರೆ. ಅದಕ್ಕೆ ಪ್ರಸ್ತಾರ ಎಂದು ಹೆಸರು. ಅವರಿಗೆ ಕಂಪ್ಯೂಟರ್ ಗೊತ್ತಿತ್ತು ಎಂದು ಕೆಲವರು ಭಾಷಣ ಮಾಡ್ತಾರೆ, ಅದು ಹಾಗೆ ಅಲ್ಲ. ಅವರಿಗೆ ಪದ್ಯ ಬೇಕಿತ್ತು. ಆದರೆ ಅವರ ಎಣಿಕೆ ಮತ್ತು ಕಂಪ್ಯೂಟರಿನ ಎಣಿಕೆ ಒಂದೇ ಜಾತಿಯದ್ದು. ಕನ್ನಡ ಪೀರಿಯಡ್ಡಿನಲ್ಲಿ ಇದನ್ನು ಕಲಿಸುವಾಗ ಕಂಪ್ಯೂಟರ್ ಸರ್ ಕೂಡ ಬಂದು ಪಕ್ಕದಲ್ಲಿ ನಿಂತರೆ ಎಷ್ಟು ಚೆಂದ.

ಕಂಪ್ಯೂಟರಿನ ಒಳಗೆ ಅಕ್ಷರಕ್ಕೆ ಒಂದು ನಂಬರು ಇರ್ತದೆ. ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ 65. ಪ್ರಪಂಚದ ಎಲ್ಲ ಲಿಪಿಗಳಿಗೆ ನಂಬರು ಕೊಡುವ ವ್ಯವಸ್ಥೆಗೆ ಯುನಿಕೋಡ್ ಎಂದು ಹೆಸರು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ನಮಗೆ 128 ಮನೆ ಕೊಟ್ಟಿದ್ದಾರೆ. ಅ ನಂಬರು 3205, ಕ ನಂಬರು 3221. ಅ ಎಂದು ಒತ್ತಿದಾಗ ಅದಕ್ಕೆ ಸಿಗುವ ನಂಬರು ದ್ವಿಮಾನದಲ್ಲಿ 110010000101. ನಮ್ಮ ತುಳುವಿನ ಹಳೆಯ ಲಿಪಿಗೂ, ತುಳು-ತಿಗಳಾರಿ ಎಂಬ ಹೆಸರಿನಲ್ಲಿ, 2024ರ ಸೆಪ್ಟೆಂಬರಿನಲ್ಲಿ ಬಂದ 16ನೆಯ ಆವೃತ್ತಿಯಲ್ಲಿ ಜಾಗ ಸಿಕ್ಕಿತು. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ನೂರಾರು ವರ್ಷ ಉಳಿದು ಬಂದಿವೆ. ತಾಳೆಗರಿಯಲ್ಲಿ ಉಳಿಯಲು ಕಂಠ ಬೇಕಿತ್ತು, ಕಂಪ್ಯೂಟರಿನಲ್ಲಿ ಉಳಿಯಲು ನಂಬರು ಬೇಕು. ಕಂಠ ಅಂದರೆ ಗರಿಯ ಮೇಲೆ ಕೊರೆಯುವ ಕಬ್ಬಿಣದ ಲೇಖನಿ, ಗಂಟಲು ಅಲ್ಲ.

ಈಗ ಕಾಸರಗೋಡಿಗೆ ಬರುವ. ವಿಟ್ಲ, ಅಡ್ಯನಡ್ಕ ದಾಟಿದರೆ ಕೇರಳ. ಅಲ್ಲಿ ಕನ್ನಡ ಮೀಡಿಯಂ ಶಾಲೆಗಳು ತುಂಬ ಉಂಟು. ಕೇರಳ ಸರಕಾರ 2001ರಲ್ಲಿ 'ಐ.ಟಿ. ಅಟ್ ಸ್ಕೂಲ್' ಎಂಬ ಯೋಜನೆ ಶುರು ಮಾಡಿತು, 2017ರಲ್ಲಿ ಅದು 'ಕೈಟ್' ಎಂಬ ಸಂಸ್ಥೆ ಆಯಿತು. ಅಲ್ಲಿ ಎಸ್.ಎಸ್.ಎಲ್.ಸಿ.ಗೆ ಕಂಪ್ಯೂಟರ್ ಒಂದು ವಿಷಯ, ಕಂಪ್ಯೂಟರಿನ ಎದುರು ಕೂತೇ ಪರೀಕ್ಷೆ ಬರೆಯಬೇಕು. ನಮ್ಮ ಕಡೆ ಹೆಚ್ಚಿನ ಹೈಸ್ಕೂಲುಗಳಲ್ಲಿ ಅದಕ್ಕೆ ಅಂಕ ಇಲ್ಲ. ಅಂಕ ಇಲ್ಲದ ಕಾರಣ ಮಾರ್ಚ್ ಹತ್ತಿರ ಬಂದಾಗ ಆ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ತೆಗೆದುಕೊಳ್ತಾರೆ. ದೊಡ್ಡಮ್ಮನ ಮಗ ಕಳುಹಿಸಿದ ಪುಸ್ತಕ ನಾನು ನೋಡಿದೆ. ಪೂರ್ತಿ ಕನ್ನಡದಲ್ಲಿ ಉಂಟು! ಚಿತ್ರ ಬಿಡಿಸುವುದು, ಪಟ್ಟಿ ಮಾಡುವುದು, ಮತ್ತೆ 'ಪೈಥಾನ್' ಎಂಬ ಪ್ರೋಗ್ರಾಮ್ ಭಾಷೆ. ಅಲ್ಲಿ ಬಳಸುವುದೆಲ್ಲ ಮುಕ್ತ ತಂತ್ರಾಂಶ, ದುಡ್ಡು ಕೊಡದೆ ಯಾರೂ ಪ್ರತಿ ಮಾಡಿಕೊಳ್ಳಬಹುದು. 2018ರಿಂದ ಹೈಸ್ಕೂಲಿನ ಮಕ್ಕಳಿಗೆ 'ಲಿಟ್ಲ್ ಕೈಟ್ಸ್' ಎಂಬ ಸಂಘವೂ ಉಂಟು, ನಮ್ಮಲ್ಲಿ ಸ್ಕೌಟ್ ಇದ್ದ ಹಾಗೆ. ಕನ್ನಡದಲ್ಲಿ ಕಂಪ್ಯೂಟರ್ ಕಲಿಸಲಿಕ್ಕೆ ಆಗ್ತದಾ ಎಂದು ಕೇಳುವವರು ಬಸ್ಸಿನಲ್ಲಿ ಒಮ್ಮೆ ಅಡ್ಯನಡ್ಕ ದಾಟಿ ಹೋಗಿ ಬಂದರೆ ಒಳ್ಳೆಯದು. ಕೇರಳದಲ್ಲಿ ಕನ್ನಡದ ಪುಸ್ತಕ ಉಂಟು, ಕರ್ನಾಟಕದಲ್ಲಿ ಕನ್ನಡದ ಮಕ್ಕಳಿಗೆ ಅನುಮಾನ ಉಂಟು. ಇದು ನನಗೆ ಅರ್ಥ ಆಗುವುದಿಲ್ಲ.

ಹಾಗಾದರೆ ಇಂಗ್ಲಿಷ್ ಎಷ್ಟು ಬೇಕು? ಪೈಥಾನ್ ಭಾಷೆಯಲ್ಲಿ ಅದು ತನಗೆಂದೇ ಕಾದಿರಿಸಿದ ಶಬ್ದಗಳು 35. ಇಫ್, ಎಲ್ಸ್, ವೈಲ್, ಫಾರ್, ಆಂಡ್, ಆರ್, ನಾಟ್ ಎಲ್ಲ ಅದರಲ್ಲಿ ಬಂತು. ಇವುಗಳನ್ನು ಬೇರೆ ಅರ್ಥದಲ್ಲಿ ಬಳಸಲಿಕ್ಕಿಲ್ಲ. ಉಳಿದ ಹೆಸರುಗಳನ್ನು ನಾವೇ ಇಡುವುದು. 2008ರಲ್ಲಿ ಬಂದ ಪೈಥಾನ್ 3ರಿಂದ ಆ ಹೆಸರುಗಳನ್ನು ಕನ್ನಡದಲ್ಲೂ ಇಡಬಹುದು. ಅಡಿಕೆ ಸಮ 5, ಬೀಡಿ ಸಮ 25 ಎಂದು ಬರೆದರೆ ಅದು ಬೇಸರ ಮಾಡುವುದಿಲ್ಲ. ಪ್ರಿಂಟ್, ಇನ್‌ಪುಟ್ ಹೀಗೆ ಇನ್ನು ಸ್ವಲ್ಪ ಶಬ್ದ ಕೂಡಿಸಿದರೂ ನಮ್ಮ ಇಂಗ್ಲಿಷ್ ಪುಸ್ತಕದ ಒಂದು ಪಾಠದ ಹೊಸ ಶಬ್ದಗಳಿಗಿಂತ ಬಹಳ ಹೆಚ್ಚಾಗುವುದಿಲ್ಲ.

ಆದರೆ ಇಂಗ್ಲಿಷ್ ಬೇಡವೇ ಬೇಡ ಎಂದು ನಾನು ಬರೆದರೆ ಅದು ಸುಳ್ಳಾಗ್ತದೆ. ಎಲ್ಲಿಯಾದರೂ ಒಂದು ಚುಕ್ಕೆ ಬಿಟ್ಟರೆ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನಲ್ಲೇ ಬಯ್ಯುವುದು. ಅದನ್ನು ಓದಲು ಬರಬೇಕು. ಮುಂದೆ ಕಾಲೇಜಿನ ಪುಸ್ತಕಗಳೂ ಇಂಗ್ಲಿಷಿನಲ್ಲೇ. ಅಕ್ಕ ಒಂದು ನೋಟ್ ಬುಕ್ಕಿನಲ್ಲಿ ಮಧ್ಯದಲ್ಲಿ ಗೆರೆ ಹಾಕಿದ್ದಾಳೆ. ಎಡಕ್ಕೆ ಕಂಪ್ಯೂಟರ್ ಹೇಳಿದ ಇಂಗ್ಲಿಷ್, ಬಲಕ್ಕೆ ಅವಳಿಗೆ ಅರ್ಥವಾದ ಕನ್ನಡ. 'ಡಿಫೈನ್ಡ್ ಅಲ್ಲ' ಅಂದರೆ ಎದುರಿಗೆ "ಹೆಸರು ಹಾಕದ ಮಗುವನ್ನು ಹಾಜರಿ ಕರೆದ ಹಾಗೆ" ಎಂದು ಬರೆದಿದ್ದಾಳೆ. ಇಂಗ್ಲಿಷನ್ನು ಒಂದು ವಿಷಯವಾಗಿ ಗಟ್ಟಿ ಕಲಿಯಬೇಕು, ಅದಕ್ಕೆ ನನ್ನ ಒಪ್ಪಿಗೆ ಉಂಟು. ಅದಕ್ಕಾಗಿ ಗಣಿತವನ್ನೂ ವಿಜ್ಞಾನವನ್ನೂ ಅರ್ಥ ಆಗದ ಭಾಷೆಯಲ್ಲಿ ಓದಬೇಕು ಎನ್ನುವುದಕ್ಕೆ ಇಲ್ಲ. ಮಾವನಿಗೂ ಇದನ್ನೇ ಹೇಳಿದ್ದೇನೆ. ಅವರು "ನೋಡುವ" ಅಂದಿದ್ದಾರೆ.

ಕೊನೆಗೆ ನಿಮಗೆ ಕೆಲಸ. ಉತ್ತರಗಳನ್ನು ಕಾಗದದಲ್ಲಿ ಬರೆದು ಗೋಡೆಯ ಕೆಳಗಿನ ಪೆಟ್ಟಿಗೆಗೆ ಹಾಕಿ.

ಕೆ. ಪಿ. ರಾವ್ ವಿನ್ಯಾಸದಲ್ಲಿ 'ಬಂಟ್ವಾಳ'ಕ್ಕೆ 7 ಏಟು. 'ಬೆಳ್ತಂಗಡಿ'ಗೆ ಎಷ್ಟು, 'ಮೂಡುಬಿದಿರೆ'ಗೆ ಎಷ್ಟು? ಶಿಫ್ಟ್ ಲೆಕ್ಕಕ್ಕೆ ಇಲ್ಲ.

ಇನ್ನೊಂದು ಸ್ವಲ್ಪ ಕಷ್ಟದ್ದು. ಬಂಟ್ವಾಳದಿಂದ ಸಿದ್ದಕಟ್ಟೆ ಮೇಲೆ ಮೂಡುಬಿದಿರೆಗೆ ಒಂದು ದಾರಿ. ಬಂಟ್ವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು ಮೇಲೆ ಗುರುವಾಯನಕೆರೆಗೆ ಒಂದು ದಾರಿ. ಗುರುವಾಯನಕೆರೆಯಿಂದ ಬೆಳ್ತಂಗಡಿ ಹತ್ತಿರ. ಗುರುವಾಯನಕೆರೆಯಿಂದಲೇ ವೇಣೂರು ಮೇಲೆ ಮೂಡುಬಿದಿರೆಗೆ ಇನ್ನೊಂದು ದಾರಿ. ಊರಿಗೆ ಒಂದು ಚುಕ್ಕೆ, ರಸ್ತೆಗೆ ಒಂದು ಗೆರೆ ಹಾಕಿ ಚಿತ್ರ ಬರೆಯಿರಿ. ಬಸ್ಸಿನಲ್ಲಿ ಹೋಗುವವರು ಕಂಡಕ್ಟರರ ಹತ್ತಿರ ಕೇಳಿ ಒಂದೊಂದು ಗೆರೆಯ ಮೇಲೂ ಎಷ್ಟು ನಿಮಿಷ ಎಂದು ಬರೆಯಿರಿ. ಈಗ ಬಂಟ್ವಾಳದಿಂದ ಹೊರಟು ಬೆಳ್ತಂಗಡಿ ಮತ್ತು ಮೂಡುಬಿದಿರೆ ಎರಡಕ್ಕೂ ಹೋಗಿ ತಿರುಗಿ ಬರಲಿಕ್ಕೆ ಕಡಿಮೆ ಸಮಯದ ದಾರಿ ಯಾವುದು? ಎರಡು ಊರಿನ ನಡುವೆ ಎಲ್ಲಕ್ಕಿಂತ ಹತ್ತಿರದ ದಾರಿ ಹುಡುಕುವ ಕ್ರಮವನ್ನು ಹಾಲೆಂಡಿನ ಡೈಕ್‌ಸ್ಟ್ರಾ ಎಂಬವರು 1959ರಲ್ಲಿ ಪ್ರಕಟಿಸಿದರು. ಅದು ಅಕ್ಕನಿಗೂ ಇನ್ನೂ ಪಾಠ ಆಗಿಲ್ಲ. ನಾಲ್ಕು ಮಂದಿ ಸೇರಿ ಮಾಡುವುದಾದರೆ ಪೆನ್ಸಿಲ್ ಎಲ್ಲರ ಕೈಗೂ ಹೋಗಬೇಕು, ಯಾರು ಎಷ್ಟು ಹೊತ್ತು ಹಿಡಿದದ್ದು ಎಂದು ಉತ್ತರದ ಕೆಳಗೆ ಬರೆಯಿರಿ.